‘ಕುಟುಂಬಕ್ಕೆ ಸಮಯ ಕೊಡಿ’: ಏಳು ಸಂಜೆಗಳ ವಿಶೇಷ ಕೂಟ

ಆರಾಧನೆ ಮುಗಿದು, ಜನ ಎದ್ದು ಹೊರಡುವ ಹೊತ್ತಿಗೆ ಸರಿಯಾಗಿ ಕಾರ್ಯದರ್ಶಿಗಳು ಪ್ರಕಟಣೆ ಓದಿದರು. ಮುಂದಿನ ತಿಂಗಳು ‘ಕುಟುಂಬಕ್ಕೆ ಸಮಯ ಕೊಡಿ’ ಎಂಬ ವಿಷಯದ ಮೇಲೆ ಸತತ ಏಳು ಸಂಜೆ ವಿಶೇಷ ಕೂಟಗಳು. ಅಲ್ಲಿಯವರೆಗೆ ಪ್ರತಿ ಮಂಗಳವಾರ ಸಿದ್ಧತಾ ಸಮಿತಿಯ ಮೀಟಿಂಗ್, ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆ, ಪ್ರತಿ ಶನಿವಾರ ಗಾಯನ ಅಭ್ಯಾಸ. ಯಾರೂ ಮನೆಯ ನೆಪ ಹೇಳಿ ತಪ್ಪಿಸಿಕೊಳ್ಳಬಾರದು.

ಒಬ್ಬರೂ ನಗಲಿಲ್ಲ. ಚರ್ಚಿನ ಪ್ರಕಟಣೆಗೆ ನಗುವ ಅಭ್ಯಾಸ ನಮಗಿಲ್ಲ. ನಗು ಬಂದದ್ದು ಹೊರಗೆ, ಮೆಟ್ಟಿಲ ಮೇಲೆ ನಮ್ಮ ಮಾಮೂಲಿ ಗುಂಪು ಸೇರಿದಾಗ.

“ಮನೆಯಲ್ಲಿ ಇರುವುದು ಹೇಗೆಂದು ಕಲಿಸುತ್ತೇವೆ, ಅದಕ್ಕಾಗಿ ಒಂದು ತಿಂಗಳು ಮನೆ ಬಿಟ್ಟು ಬನ್ನಿ ಎಂದ ಹಾಗಾಯಿತಲ್ಲ!” ಎಂದರು ಸಂಡೇ ಸ್ಕೂಲಿನ ಟೀಚರ್.

“ಸೇವೆ ಎಂದ ಮೇಲೆ ತ್ಯಾಗ ಬೇಡವೇ ಟೀಚರ್?” ಎಂದರು ಗಾಯನ ವೃಂದದ ನಾಯಕರು. ಅವರು ಸಾಧಾರಣ ಮಾತನ್ನೂ ಕೀರ್ತನೆಯ ಕೊನೆಯ ಸಾಲಿನಂತೆ ಎಳೆದೇ ಹೇಳುತ್ತಾರೆ.

“ಬೇಕು. ಆದರೆ ನೀವು ತ್ಯಾಗಕ್ಕೆ ಆರಿಸಿಕೊಳ್ಳುವ ಹೊತ್ತು ಯಾವಾಗಲೂ ಪಾತ್ರೆ ತೊಳೆಯುವ ಹೊತ್ತೇ ಆಗಿರುತ್ತದೆ, ಅದು ಹೇಗೆ?”

ನನ್ನ ಬಹುಕಾಲದ ಅನುಮಾನವನ್ನು ಟೀಚರ್ ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ನಮ್ಮಲ್ಲಿ ಕೆಲವು ಗಂಡಸರು ದೇವರ ಕರೆಗೆ ಓಗೊಟ್ಟು ಸಮಿತಿ ಸೇರಿದವರಲ್ಲ. ಅಡುಗೆಮನೆಯಿಂದ ಬರುವ ಕರೆಗೆ ಓಗೊಡದಿರಲು ಸೇರಿದವರು. ‘ಮೀಟಿಂಗ್ ಇದೆ’ ಎಂದರೆ ಹೆಂಡತಿ ಎದುರಾಡಬಹುದು. ‘ಪ್ರಾರ್ಥನೆ ಇದೆ’ ಎಂದರೆ ಏನು ಹೇಳಿಯಾಳು?

ನಾಯಕರು ಸೋಲೊಪ್ಪಲಿಲ್ಲ. “ಪೇತ್ರನನ್ನು ನೋಡಿ. ಯೇಸು ಕರೆದ ಕೂಡಲೇ ಬಲೆ ಬಿಟ್ಟು ಹೊರಟ. ಮನೆಯಲ್ಲಿ ಹೇಳಿ ಬರುತ್ತೇನೆ ಎಂದನೇ?”

“ಹೊರಟವನು ನೇರವಾಗಿ ಎಲ್ಲಿಗೆ ಬಂದ? ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನೇ ಪೂರ್ತಿ ಓದಿ. ಬಲೆ ಬಿಟ್ಟ ಕೆಲವೇ ವಚನಗಳಲ್ಲಿ ಸ್ವಂತ ಮನೆಯಲ್ಲಿದ್ದಾನೆ. ಬಂದದ್ದೂ ಒಬ್ಬನೇ ಅಲ್ಲ. ಯೇಸು, ಅಂದ್ರೆಯ, ಯಾಕೋಬ, ಯೋಹಾನ ಎಲ್ಲರೂ ಜೊತೆಗೆ. ಅತ್ತೆ ಜ್ವರದಿಂದ ಮಲಗಿದ್ದಳು. ಯೇಸು ಕೈಹಿಡಿದು ಎಬ್ಬಿಸಿದ, ಜ್ವರ ಬಿಟ್ಟಿತು, ಎದ್ದವಳು ಅವರೆಲ್ಲರಿಗೂ ಉಪಚಾರ ಮಾಡಿದಳು. ಮುಂದೆ ಪೇತ್ರ ಪ್ರಯಾಣ ಹೊರಟಾಗ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತಿದ್ದನೆಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ನೀವು ಕಳೆದ ಸಲ ಸಮ್ಮೇಳನಕ್ಕೆ ಯಾರನ್ನು ಕರೆದುಕೊಂಡು ಹೋದಿರಿ?”

“ಹಾರ್ಮೋನಿಯಂ” ಎಂದರು ಖಜಾಂಚಿ. ಅವರು ಕಡಿಮೆ ಮಾತಿನವರು. ಖರ್ಚಿನ ವಿಷಯ ಬಂದಾಗ ಮಾತ್ರ ಬಾಯಿ ಬಿಡುತ್ತಾರೆ.

ಅಷ್ಟರಲ್ಲಿ ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರೂ ಅವರ ಹೆಂಡತಿ ಅಮ್ಮನವರೂ ಹೊರಬಂದರು. ಅಯ್ಯನವರ ಮುಖದಲ್ಲಿ ಪ್ರಸಂಗ ಮುಗಿಸಿದ ನೆಮ್ಮದಿ ಇತ್ತು, ಅಮ್ಮನವರ ಮುಖದಲ್ಲಿ ಪ್ರಸಂಗ ಮುಗಿದ ನೆಮ್ಮದಿ. ಅಮ್ಮನವರು ಕೂರುವುದು ಯಾವಾಗಲೂ ಎರಡನೆಯ ಸಾಲಿನಲ್ಲಿ. ಹೊತ್ತು ಮೀರಿದರೆ ಒಮ್ಮೆ ಕೆಮ್ಮುತ್ತಾರೆ. ‘ಕಡೆಯದಾಗಿ’ ಎಂಬ ಮಾತು ಎರಡನೆಯ ಸಲ ಬಂದರೆ ಎರಡು ಸಲ ಕೆಮ್ಮುತ್ತಾರೆ. ನಮ್ಮ ಸಭೆಯ ಮಕ್ಕಳ ನಿದ್ದೆಗೆ ಅಪಾಯವಾಗದಿರುವುದು ಆ ಕೆಮ್ಮಿನಿಂದಲೇ. ತ್ರೋವದಲ್ಲಿ ಪೌಲನು ನಡುರಾತ್ರಿಯವರೆಗೆ ಮಾತನಾಡಿದಾಗ ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಯುವಕ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತಿ ನೋಡಿದರೆ ಸತ್ತಿದ್ದ. ಪೌಲ ಕೆಳಗಿಳಿದು ಬಂದು ಅವನನ್ನು ತಬ್ಬಿಕೊಂಡ, ಹುಡುಗ ಬದುಕಿದ. ಅಲ್ಲಿಗಾದರೂ ಪ್ರಸಂಗ ನಿಂತಿತೇ? ಇಲ್ಲ, ಪೌಲ ಮತ್ತೆ ಮೇಲೆ ಹತ್ತಿ ಬೆಳಗಾಗುವ ತನಕ ಮಾತನಾಡಿದ! ಪೌಲನಿಗೆ ಹೆಂಡತಿ ಇರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಎರಡನೆಯ ಸಾಲಿನಲ್ಲಿ ಕೆಮ್ಮುವವರೇ ಇಲ್ಲದಿದ್ದರೆ ಅಪೊಸ್ತಲನಾದರೂ ಏನು ಮಾಡಿಯಾನು?

“ಅಯ್ಯನವರೇ, ಏಳು ಸಂಜೆ ಜಾಸ್ತಿಯಾಯಿತೆಂದು ಟೀಚರ್ ಹೇಳುತ್ತಿದ್ದಾರೆ” ಎಂದು ನಾಯಕರು ದೂರು ಕೊಟ್ಟರು.

“ನನಗೂ ಇತ್ರೋನ ನೆನಪು ಬಂದಿತ್ತು” ಎಂದರು ಅಯ್ಯನವರು. “ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ನ್ಯಾಯ ತೀರಿಸುತ್ತಿದ್ದ. ಮಾವ ಇತ್ರೋ ಅದನ್ನು ನೋಡಿ, ನೀನು ಮಾಡುವುದು ಸರಿಯಲ್ಲ ಎಂದ. ಸಾವಿರ ಜನಕ್ಕೆ, ನೂರು ಜನಕ್ಕೆ, ಐವತ್ತು ಜನಕ್ಕೆ, ಹತ್ತು ಜನಕ್ಕೆ ಅಧಿಪತಿಗಳನ್ನು ನೇಮಿಸಿ ಕೆಲಸ ಹಂಚು ಎಂದ. ಆಡಳಿತದ ಎಂಥ ಪಾಠ!”

“ಆಡಳಿತದ ಪಾಠವಂತೆ!” ಎಂದರು ಅಮ್ಮನವರು. “ಅದೇ ಅಧ್ಯಾಯದ ಆರಂಭದಲ್ಲಿ ಏನಿದೆ ಹೇಳಿ. ಮೋಶೆ ತವರಿಗೆ ಕಳುಹಿಸಿದ್ದ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮಾವ ಅಷ್ಟು ದೂರ ಮರುಭೂಮಿ ದಾಟಿ ಬಂದಿದ್ದಾನೆ. ಅಳಿಯ ಎದುರುಗೊಂಡ, ನಮಸ್ಕಾರ ಮಾಡಿದ, ಮಾವನಿಗೆ ಐಗುಪ್ತದ ಕಥೆಯನ್ನೆಲ್ಲ ಹೇಳಿದ. ಹೆಂಡತಿಯೊಡನೆ ಒಂದು ಮಾತು ಆಡಿದನೆಂದು ಬರೆದಿಲ್ಲ. ಮಾರನೆಯ ದಿನವೇ ಮತ್ತೆ ಸಂಜೆಯ ತನಕ ಕೆಲಸ. ಆ ಮಾವ ಆಡಿದ್ದು ಆಡಳಿತದ ಮಾತಲ್ಲ, ಹೆಣ್ಣು ಕೊಟ್ಟ ತಂದೆಯ ಮಾತು.”

ಈ ವ್ಯಾಖ್ಯಾನ ಯಾವ ದೇವಜ್ಞಾನ ಕಾಲೇಜಿನಲ್ಲಾದರೂ ಹೇಳಿಕೊಡುತ್ತಾರೋ ಇಲ್ಲವೋ, ನನಗಂತೂ ಪೂರ್ತಿ ಒಪ್ಪಿಗೆಯಾಯಿತು. ಅಯ್ಯನವರು ಮುಂದಿನ ಪ್ರಸಂಗಕ್ಕೆ ಬೇಕಾದೀತೆಂದು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು.

“ಅಮ್ಮನವರೇ, ಹುಷಾರು. ಬರುವ ಭಾನುವಾರ ಅದು ಅಯ್ಯನವರ ಸ್ವಂತ ವಿಚಾರವಾಗಿರುತ್ತದೆ” ಎಂದೆ.

“ಅಭ್ಯಾಸವಾಗಿದೆ ಬಿಡಿ. ಮಗಳೇ ಪಾಪ, ಅವಳಿಗೆ ಅಭ್ಯಾಸವಾಗಿಲ್ಲ.”

ಮಗಳ ಕಥೆ ನಮಗೆಲ್ಲ ಗೊತ್ತು. ಮನೆಯಲ್ಲಿ ತಾನು ಮಾಡಿದ ಹಟ, ಮುರಿದ ಲೋಟ, ಹೇಳಿದ ಸುಳ್ಳು ಎಲ್ಲವೂ ಪ್ರಸಂಗದಲ್ಲಿ ದೃಷ್ಟಾಂತವಾಗುತ್ತಿದೆ ಎಂದು ಆ ಹುಡುಗಿ ಅಪ್ಪನ ಮೇಲೆ ಸಿಟ್ಟಾಗಿ, ಇನ್ನು ಮುಂದೆ ನನ್ನ ಹೆಸರು ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಾಳೆ. ಅಯ್ಯನವರು ಮಾತಿಗೆ ತಪ್ಪುವವರಲ್ಲ. ಹೆಸರು ಬಿಟ್ಟರು. ಈಗ ‘ನನಗೆ ಗೊತ್ತಿರುವ ಒಬ್ಬ ಹುಡುಗಿ’ ಎಂದು ಆರಂಭಿಸುತ್ತಾರೆ. ಇಡೀ ಸಭೆ ಒಟ್ಟಾಗಿ ಹಿಂದಿರುಗಿ ಅವಳನ್ನು ನೋಡುತ್ತದೆ.

“ಸ್ವಂತ ಮನೆಯನ್ನು ನೋಡಿಕೊಳ್ಳಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ತಿಮೊಥೆಗೆ ಬರೆದ ಪತ್ರದಲ್ಲಿ ಕೇಳಿದೆಯಲ್ಲ” ಎಂದು ಖಜಾಂಚಿ ಗಂಭೀರವಾಗಿ ತೆಗೆದರು. “ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರೆ ನಮ್ಮ ಸಮಿತಿಗೆ ಕೋರಂ ಸಿಗುವುದಿಲ್ಲ.”

ಇದು ನಿಜಕ್ಕೂ ಯೋಚಿಸಬೇಕಾದ ಮಾತೇ. ಯಾಜಕನಾದ ಏಲಿಯ ಮಕ್ಕಳು ದುಷ್ಟರಾದರು. ಅದನ್ನು ಕಣ್ಣಾರೆ ಕಂಡು ಬೆಳೆದ ಸಮುವೇಲನ ಮಕ್ಕಳೂ ಲಂಚ ತಿಂದರು. ಆದರೆ ನಾಯಕರ ಮಗ ಮೊನ್ನೆಯಷ್ಟೇ ಗಿಟಾರ್ ಮಾರಿ ಫುಟ್ಬಾಲ್ ಕೊಂಡಿದ್ದರಿಂದ ಆ ವಿಷಯವನ್ನು ಯಾರೂ ಬೆಳೆಸಲಿಲ್ಲ.

“ಸುಸಾನಾ ವೆಸ್ಲಿಯವರನ್ನು ಮರೆಯಬೇಡಿ” ಎಂದರು ಟೀಚರ್, ಮಾತು ಬದಲಿಸಲು. “ಹೆತ್ತದ್ದು ಹತ್ತೊಂಬತ್ತು ಮಕ್ಕಳನ್ನು. ಮೆಥಡಿಸ್ಟ್ ಪಂಥ ಆರಂಭಿಸಿದ ಜಾನ್ ವೆಸ್ಲಿ ಹದಿನೈದನೆಯವರು. ಆ ಗದ್ದಲದಲ್ಲಿ ಪ್ರಾರ್ಥನೆಗೆ ಮೂಲೆ ಸಿಗದೆ ಏಪ್ರನ್ ಎತ್ತಿ ತಲೆಗೆ ಹೊದ್ದುಕೊಳ್ಳುತ್ತಿದ್ದರಂತೆ. 1712ರ ಸುಮಾರಿಗೆ ಗಂಡ ಸಾಮ್ಯುಯೆಲ್ ಚರ್ಚಿನ ಕೆಲಸಕ್ಕೆಂದು ಲಂಡನ್ನಿಗೆ ಹೋಗಿದ್ದಾಗ, ಇವರು ಎಪ್ವರ್ತಿನ ಮನೆಯಲ್ಲಿ ಭಾನುವಾರ ಸಂಜೆ ಮಕ್ಕಳಿಗೆ ಪ್ರಸಂಗ ಓದತೊಡಗಿದರು. ಅಕ್ಕಪಕ್ಕದವರು ಬಂದರು. ಬರಬರುತ್ತಾ ಸುಮಾರು 200 ಜನ! ಚರ್ಚಿನಲ್ಲಿದ್ದ ಸಹಾಯಕ ಪಾದ್ರಿಗೆ ಹೊಟ್ಟೆಕಿಚ್ಚಾಗಿ ಲಂಡನ್ನಿಗೆ ದೂರು ಬರೆದ. ನಿಲ್ಲಿಸಿದರೆ ಒಳ್ಳೆಯದು ಎಂದು ಗಂಡನಿಂದ ಪತ್ರ ಬಂತು.”

“ನಿಲ್ಲಿಸಿದರೇ?” ಅಮ್ಮನವರಿಗೆ ಕುತೂಹಲ.

“ನಿಲ್ಲಿಸುವುದೇ! ‘ನಿಮ್ಮ ಅಪೇಕ್ಷೆ ಎಂದರೆ ಸಾಲದು, ಸ್ಪಷ್ಟವಾದ ಆಜ್ಞೆಯನ್ನೇ ಕಳುಹಿಸಿ, ನಾಳೆ ನಾವಿಬ್ಬರೂ ಕರ್ತನ ನ್ಯಾಯಾಸನದ ಮುಂದೆ ನಿಂತಾಗ ತಪ್ಪು ನನ್ನ ಮೇಲೆ ಬರಬಾರದು’ ಎಂಬರ್ಥದಲ್ಲಿ ಉತ್ತರ ಬರೆದರು.”

ಅಮ್ಮನವರು ಅಯ್ಯನವರ ಕಡೆ ತಿರುಗಿದರು. ಅಯ್ಯನವರು ಈ ಸಲ ಚೀಟಿ ತೆಗೆಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಖಜಾಂಚಿಗಳೇ ಒಂದು ದಾರಿ ತೋರಿಸಿದರು. ಕೂಟ ಒಂದೇ ಸಂಜೆ ಸಾಕು. ಉಳಿದ ಆರು ಸಂಜೆ ಎಲ್ಲರೂ ಮನೆಯಲ್ಲೇ ಇದ್ದು ಕೇಳಿದ್ದನ್ನು ಆಚರಣೆಗೆ ತರಬೇಕು. ದೀಪದ ಖರ್ಚೂ ಉಳಿಯುತ್ತದೆ. ಟೀಚರ್ ಅಲ್ಲೇ ಅನುಮೋದಿಸಿದರು. ನಾಯಕರ ಮುಖ ಮಾತ್ರ ಕಳೆಗುಂದಿತು.

“ಆರು ಸಂಜೆ ಮನೆಯಲ್ಲಿ ಕೂತು ಏನು ಮಾಡುವುದು?” ಎಂದರು. ಈ ಸಲ ಸ್ವರ ಎಳೆಯಲಿಲ್ಲ.

“ಮಾಡಲು ಬೇಕಾದಷ್ಟಿದೆ” ಎಂದು ಅಯ್ಯನವರು ಹುರುಪಿನಿಂದ ಎದ್ದು ನಿಂತರು. “ಮಾರ್ಟಿನ್ ಲೂಥರ್ 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತಾ ಏನು ಹೇಳಿದ್ದಾರೆ ಗೊತ್ತೇ? ತಂದೆಯಾದವನು ನಂಬಿಕೆಯಿಂದ ಕೂಸಿನ ಬಟ್ಟೆ ಒಗೆಯುವಾಗ ಜನ ಹಾಸ್ಯ ಮಾಡಬಹುದು, ಆದರೆ ದೇವರು ತನ್ನ ಎಲ್ಲ ದೂತರೊಡನೆ ಅವನನ್ನು ಕಂಡು ಸಂತೋಷದಿಂದ ನಗುತ್ತಾನೆ ಎಂದು! ಕೂಸಿನ ಬಟ್ಟೆ ಒಗೆಯುವುದೂ ದೇವರ ಸೇವೆಯೇ!”

“ಲೂಥರರ ಮದುವೆ ಆದದ್ದು ಯಾವಾಗ ಅಯ್ಯನವರೇ?” ಎಂದು ಕೇಳಿದೆ.

“1525ರಲ್ಲಿ.”

“ಹಾಗಾದರೆ ಒಂದೂ ಬಟ್ಟೆ ಒಗೆಯುವ ಮೊದಲೇ ಬರೆದದ್ದು” ಎಂದರು ಖಜಾಂಚಿ.

“ಬರೆದದ್ದು ಯಾವಾಗಲಾದರೇನು, ಸತ್ಯ ಸತ್ಯವೇ. ಈ ಮಾತನ್ನು ನಾನು ಎಷ್ಟು ಮದುವೆಗಳಲ್ಲಿ ಹೇಳಿಲ್ಲ!”

“ಹೌದು, ಹೇಳಿದ್ದಾರೆ” ಎಂದರು ಅಮ್ಮನವರು, ಬೈಬಲ್ಲನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ. “ನಮ್ಮ ಮನೆಯಲ್ಲಿ ಮೂರು ಮಕ್ಕಳು ಬೆಳೆದರು. ಪಾಪ, ದೇವದೂತರಿಗೆ ನಗುವುದಕ್ಕೆ ಒಂದು ದಿನವೂ ಅವಕಾಶ ಸಿಗಲಿಲ್ಲ.”