ಜಪಾನಿನಲ್ಲಿ ಸಾರ್ವಜನಿಕವಾಗಿ ಯಾವ ನಡತೆಯನ್ನು ಒರಟೆಂದು ಭಾವಿಸುತ್ತಾರೆ?

ಪ್ರಶ್ನೆ: ಮುಂದಿನ ವಸಂತದಲ್ಲಿ ಟೋಕಿಯೊ ಮತ್ತು ಕ್ಯೋಟೊ ನಗರಗಳಿಗೆ ಹೋಗಲಿದ್ದೇನೆ. ಅಲ್ಲಿಯವರು ಅಪರಿಚಿತರ ತಪ್ಪನ್ನು ಎದುರಿಗೇ ಹೇಳುವುದು ಅಪರೂಪವೆಂದು ಕೇಳಿರುವುದರಿಂದ, ಅರಿವಿಲ್ಲದೆ ಯಾರಿಗೂ ಮುಜುಗರ ಉಂಟುಮಾಡಬಾರದೆಂಬ ಕಾಳಜಿ ನನಗಿದೆ. ಮುಖ್ಯವಾಗಿ ಏನನ್ನು ಗಮನಿಸಬೇಕು?

ಉತ್ತರ 1: ರೈಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೊರಗಿನವರು ಎಡವುವುದು ಹೆಚ್ಚಾಗಿ ಅಲ್ಲಿಯೇ. ಫೋನಿನ ಸದ್ದನ್ನು ನಿಲ್ಲಿಸಿಟ್ಟು, ಕರೆ ಬಂದರೂ ಮಾತನಾಡದಿರುವುದು ನಗರದ ರೈಲುಗಳ ವಾಡಿಕೆ. ದಟ್ಟಣೆಯಿದ್ದಾಗ ಬೆನ್ನಿನ ಚೀಲವನ್ನು ಎದೆಯ ಕಡೆಗೆ ಹಾಕಿಕೊಳ್ಳಿ. ದೂರ ಪ್ರಯಾಣದ ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲಿನಲ್ಲಿ ಆಸನದಲ್ಲಿ ಕುಳಿತು ಊಟ ಮಾಡುವುದು ಸಹಜವಾದರೂ, ಫೋನಿನಲ್ಲಿ ಮಾತನಾಡಲು ಬೋಗಿಗಳ ನಡುವಿನ ಜಾಗಕ್ಕೆ ಹೋಗಬೇಕು.

ಉತ್ತರ 2: ಊಟದ ಕಡ್ಡಿಗಳ ವಿಷಯವನ್ನು ನಾನು ಎಲ್ಲಕ್ಕಿಂತ ಗಂಭೀರವೆಂದು ಭಾವಿಸುತ್ತೇನೆ. ಅವನ್ನು ಅನ್ನದಲ್ಲಿ ನೇರವಾಗಿ ನೆಡುವುದು ಮೃತರಿಗೆ ಅರ್ಪಿಸುವ ಅನ್ನವನ್ನೂ, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತನ್ನು ದಾಟಿಸುವುದು ದಹನದ ಬಳಿಕ ಬಂಧುಗಳು ಅಸ್ಥಿಯನ್ನು ಎತ್ತಿಡುವ ವಿಧಿಯನ್ನೂ ನೆನಪಿಸುತ್ತವೆ; ಆದ್ದರಿಂದ ಪಕ್ಕದಲ್ಲಿ ಕುಳಿತವರಿಗೆ ನಿಜವಾಗಿಯೂ ನೋವಾಗಬಹುದು. ನೂಡಲ್ಸನ್ನು ಸದ್ದು ಮಾಡುತ್ತ ಹೀರುವುದಕ್ಕೆ ಮಾತ್ರ ಯಾರ ಆಕ್ಷೇಪವೂ ಇಲ್ಲ. ಟಿಪ್ಸ್ ಕೊಡುವ ಪದ್ಧತಿಯಿಲ್ಲ.

ಉತ್ತರ 3: ಕೆಲವು ನಡತೆಗಳು ಶಿಷ್ಟಾಚಾರದ ಎಲ್ಲೆ ದಾಟಿ ನಿಯಮಗಳೇ ಆಗಿವೆ. ಟೋಕಿಯೊದ ಚಿಯೋದಾ ವಾರ್ಡ್ 2002ರಲ್ಲಿಯೇ ಬೀದಿಯಲ್ಲಿ ಧೂಮಪಾನ ಮಾಡುವವರಿಗೆ ದಂಡ ವಿಧಿಸತೊಡಗಿತು. ಕಾಮಾಕುರಾ ನಗರವು 2019ರಲ್ಲಿ, ಜನಜಂಗುಳಿಯ ನಡುವೆ ತಿನ್ನುತ್ತ ನಡೆಯುವುದನ್ನು ಇತರರಿಗೆ ತೊಂದರೆ ಕೊಡುವ ನಡತೆಯೆಂದು ಗುರುತಿಸಿತು, ಅದಕ್ಕೆ ದಂಡವಿಲ್ಲ. ಕ್ಯೋಟೊದ ಗಿಯೋನ್‌ನಲ್ಲಿ ಖಾಸಗಿ ಓಣಿಗಳನ್ನು ಪ್ರವೇಶಿಸಿದರೆ 10,000 ಯೆನ್ ದಂಡವೆಂಬ ಫಲಕಗಳಿವೆ. ಅಲ್ಲಿ ಗೇಕೊ, ಮೈಕೊ ಕಲಾವಿದೆಯರನ್ನು ಅಡ್ಡಗಟ್ಟಿ ಚಿತ್ರ ತೆಗೆಯುವವರಿಂದ ನಿವಾಸಿಗಳು ಬಹಳ ಬೇಸತ್ತಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.