ಎಲ್ಲಾ ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನೆ, ಇನ್ನೂ ಬ್ಯಾಕಪ್ ಬೇಕಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಸಾಗರದ ಹತ್ತಿರದ ಹಳ್ಳಿಯಲ್ಲಿದ್ದೇನೆ. ಮನೆಯಲ್ಲಿ ಆರು ವರ್ಷ ಹಳೆಯ ಡೆಸ್ಕ್‌ಟಾಪ್ ಇದೆ. ಮಗಳ ಮದುವೆ ಫೋಟೋ, ತೋಟದ ಲೆಕ್ಕ, ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಸುಮಾರು 200 ಪುಟ ಬರಹ, ಮತ್ತೆ ನಮ್ಮ ಅಮ್ಮ ಹೇಳುತ್ತಿದ್ದ ಹಸೆ ಹಾಡುಗಳ ರೆಕಾರ್ಡಿಂಗ್ ಎಲ್ಲಾ ಅದರಲ್ಲೇ ಇವೆ. ಅಮ್ಮ ಈಗ ಇಲ್ಲ. ಎಲ್ಲವನ್ನೂ ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನೆ. ಸಿ ಕೆಟ್ಟರೂ ಡಿ ಉಳಿಯುತ್ತದೆ ಎಂದು ರಿಪೇರಿಯವರು ಹೇಳಿದ್ದರು. ಆದರೆ ಮಗಳು ಬ್ಯಾಕಪ್‌ಗೆ, ಅಂದರೆ ಎಲ್ಲದರ ಇನ್ನೊಂದು ಪ್ರತಿ ಬೇರೆ ಕಡೆ ಇಡಲು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಳ್ಳಿ ಎಂದು ಬೆನ್ನು ಬಿದ್ದಿದ್ದಾಳೆ. ನಮ್ಮದೇನು ಬ್ಯಾಂಕೂ ಅಲ್ಲ, ಆಫೀಸೂ ಅಲ್ಲ. ಮನೆಯಲ್ಲಿ ಬಳಸುವವರಿಗೂ ಇದು ಬೇಕಾ?

ಉತ್ತರ: ಮೇಷ್ಟ್ರೇ, ನಮಸ್ಕಾರ. ಶಿವಮೊಗ್ಗದಲ್ಲಿ 18 ವರ್ಷದಿಂದ ಕಂಪ್ಯೂಟರ್ ರಿಪೇರಿ, ಡೇಟಾ ರಿಕವರಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಮಗಳು ಹೇಳಿದ್ದು ಸರಿ. ಬ್ಯಾಂಕಿನವರಿಗಿಂತ ನಿಮಗೇ ಇದು ಜಾಸ್ತಿ ಬೇಕು. ಅವರ ಡೇಟಾ ಕಾಯಲು ಸಂಬಳದ ಜನ ಇದ್ದಾರೆ. ನಿಮ್ಮದಕ್ಕೆ ನೀವೊಬ್ಬರೇ.

ಸಿ ಮತ್ತು ಡಿ ಎರಡು ಬೇರೆ ಪೆಟ್ಟಿಗೆಗಳಲ್ಲ. ಹೆಚ್ಚಿನ ಮನೆ ಕಂಪ್ಯೂಟರ್‌ಗಳಲ್ಲಿ ಒಳಗಿರುವುದು ಒಂದೇ ಡಿಸ್ಕ್. ಒಂದೇ ಕಣಜಕ್ಕೆ ನಡುವೆ ಹಲಗೆ ಹಾಕಿ ಎರಡು ಮಾಡಿದ ಹಾಗೆ. ವಿಂಡೋಸ್ ಕೆಟ್ಟು ಸಿ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ. ರಿಪೇರಿಯವರ ಮಾತು ಅಷ್ಟಕ್ಕೆ ಸರಿ. ಡಿಸ್ಕೇ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಡಿಸ್ಕ್ ಒಂದಲ್ಲ ಒಂದು ದಿನ ಹೋಗಿಯೇ ಹೋಗುತ್ತದೆ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಓದುವ ಹೆಡ್ ಆ ತಟ್ಟೆಯನ್ನು ಮುಟ್ಟುವುದಿಲ್ಲ. ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ಗಾಳಿಯ ಮೇಲೆ ತೇಲುತ್ತದೆ. ಒಂದು ಪೆಟ್ಟು ಬಿದ್ದು ಹೆಡ್ ತಗುಲಿದರೆ ತಟ್ಟೆಯ ಮೇಲಿನ ಪದರ ಕೆರೆದು ಹೋಗುತ್ತದೆ. ಅದರಲ್ಲೇ ನಿಮ್ಮ ಅಮ್ಮನ ಹಾಡು ಇರುವುದು. ಮಲೆನಾಡಿನ ಮಳೆಗಾಲ ನಿಮಗೇ ಗೊತ್ತು. ಕರೆಂಟ್ ಹೋಗಿ ಬರುವುದು, ಸಿಡಿಲು, ತೇವ, ಎಲ್ಲವೂ ಪೆಟ್ಟೇ.

ಎರಡು ವರ್ಷದ ಹಿಂದೆ ಅಣ್ಣ ತಂಗಿ ಇಬ್ಬರು ಒಂದು ಲ್ಯಾಪ್‌ಟಾಪ್ ತಂದರು. ತೀರಿಹೋದ ತಂದೆಯ ಫೋಟೋ, ವಿಡಿಯೋ ಎಲ್ಲಾ ಅದರಲ್ಲೇ ಇದ್ದವು. ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಮೂರು ದಿನ ಆನ್ ಮಾಡಿ ಆಫ್ ಮಾಡಿ ನೋಡಿದ್ದರು. ಪ್ರತಿ ಸಲ ಆನ್ ಮಾಡಿದಾಗಲೂ ಹೆಡ್ ತಟ್ಟೆಯನ್ನು ಇನ್ನಷ್ಟು ಕೆರೆದಿತ್ತು. ದೊಡ್ಡ ಲ್ಯಾಬ್‌ಗೆ ಕಳಿಸಿದೆ, ಅವರಿಂದಲೂ ಆಗಲಿಲ್ಲ. ತಂಗಿ ಕೇಳಿದ್ದು ಒಂದೇ ಮಾತು: "ಅಪ್ಪನ ಧ್ವನಿ ಇರೋ ಒಂದು ಕ್ಲಿಪ್ ಆದ್ರೂ ಸಿಗಲ್ವಾ?" ಅದೂ ಸಿಗಲಿಲ್ಲ. ಆ ಡಿಸ್ಕ್ ವಾಪಸ್ ಕೊಡುವಾಗ ನನ್ನ ಕೈ ನಡುಗಿತ್ತು.

ಅದಕ್ಕೇ ಹೇಳುತ್ತೇನೆ, ಹೊಸ ಡಿಸ್ಕ್ ಬರುವ ತನಕ ಕಾಯಬೇಡಿ. ಹಾಡು ಮತ್ತು ಬರಹ ಜಾಸ್ತಿ ಜಾಗ ಹಿಡಿಯುವುದಿಲ್ಲ. ಇವತ್ತು ರಾತ್ರಿಯೇ ಒಂದು ಪೆನ್ ಡ್ರೈವ್‌ಗೆ ಕಾಪಿ ಮಾಡಿ. ಹಾಡು ಮೊದಲು.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಾನು ಮನೆಯಿಂದಲೇ ನಾಲ್ಕು ಅಂಗಡಿಗಳ ಟ್ಯಾಲಿ ಲೆಕ್ಕ ಬರೆಯುತ್ತೇನೆ. ನನ್ನದು ಎಸ್‌ಎಸ್‌ಡಿ, ತಿರುಗುವ ಭಾಗ ಇಲ್ಲ. ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಕೂಡ ಆನ್ ಇದೆ, ಎಲ್ಲಾ ಸಿಂಕ್ ಆಗುತ್ತದೆ. ಅದೇ ಬ್ಯಾಕಪ್ ಅಲ್ವಾ?

ಉತ್ತರ: ಎಸ್‌ಎಸ್‌ಡಿ ಪೆಟ್ಟು ತಡೆಯುತ್ತದೆ, ನಿಜ. ಆದರೆ ಹೋಗುವಾಗ ಎಷ್ಟೋ ಸಲ ಸುಳಿವೇ ಕೊಡುವುದಿಲ್ಲ. ರಾತ್ರಿ ಸರಿಯಿದ್ದದ್ದು ಬೆಳಿಗ್ಗೆ ಕಾಣಿಸುವುದೇ ಇಲ್ಲ. ಅಳಿಸಿದ ಫೈಲ್ ವಾಪಸ್ ತೆಗೆಯುವುದೂ ಹಾರ್ಡ್ ಡಿಸ್ಕ್‌ಗಿಂತ ಕಷ್ಟ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನೇ ಬೇಗ ಖಾಲಿ ಮಾಡಿಬಿಡುತ್ತದೆ.

ಸಿಂಕ್ ಎಂದರೆ ಕನ್ನಡಿ ಇದ್ದ ಹಾಗೆ, ಅಕ್ಕ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಒನ್‌ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಮಾರ್ಚ್‌ನಲ್ಲಿ ಅಳಿಸಿಹೋದ ಲೆಕ್ಕ ನೆನಪಾಗುವುದು ಜುಲೈನಲ್ಲಿ ರಿಟರ್ನ್ಸ್ ಹಾಕುವಾಗ ಅಲ್ವಾ? ಇನ್ನೊಂದು ಮಾತು. ಒನ್‌ಡ್ರೈವ್ ಸಾಮಾನ್ಯವಾಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಇಷ್ಟನ್ನು ನೋಡಿಕೊಳ್ಳುತ್ತದೆ. ಟ್ಯಾಲಿಯ ಡೇಟಾ ಫೋಲ್ಡರ್ ಹೆಚ್ಚಾಗಿ ಅದರ ಹೊರಗೆ ಇರುತ್ತದೆ. ನಿಮ್ಮದು ಎಲ್ಲಿದೆ ಎಂದು ದಯವಿಟ್ಟು ಈಗಲೇ ನೋಡಿ. ಟ್ಯಾಲಿಯಲ್ಲೇ ಬ್ಯಾಕಪ್ ಆಯ್ಕೆ ಇದೆ. ಅದನ್ನು ಬಳಸಿ ಪ್ರತಿ ವಾರ ತಾರೀಖು ಹಾಕಿದ ಹೊಸ ಫೋಲ್ಡರ್‌ನಲ್ಲಿ ಇಡಿ. ಹಳೆಯದರ ಮೇಲೆ ಬರೆಯಬೇಡಿ.

ನನಗೆ ಇನ್ನೂ ಜಾಸ್ತಿ ಭಯ ಇರುವುದು ರಾನ್ಸಮ್‌ವೇರ್ ಬಗ್ಗೆ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಅದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬುದು ಸುಮಾರು 150 ದೇಶಗಳಿಗೆ ಹರಡಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೇ ನಿಂತಿತ್ತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನನ್ನ ಅಂಗಡಿಗೆ ಬರುವ ಮನೆಯವರ ಕೇಸ್‌ಗಳು ಹೆಚ್ಚಾಗಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿದವರದ್ದು. ಇದು ಸಿ, ಡಿ ಎಂದು ನೋಡುವುದಿಲ್ಲ. ಚುಚ್ಚಿಟ್ಟ ಪೆನ್ ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲಕ್ಕೂ ಬೀಗ ಹಾಕುತ್ತದೆ. ಆದ್ದರಿಂದ ಬ್ಯಾಕಪ್ ಮುಗಿದ ತಕ್ಷಣ ಡಿಸ್ಕನ್ನು ಕಂಪ್ಯೂಟರ್‌ನಿಂದ ತೆಗೆದು ಬೀರುವಿನಲ್ಲಿ ಇಡಿ. ಯಾರಿಗಾದರೂ ಈಗಾಗಲೇ ಬೀಗ ಬಿದ್ದಿದ್ದರೆ ಫಾರ್ಮ್ಯಾಟ್ ಮಾಡುವ ಮೊದಲು 'ನೋ ಮೋರ್ ರಾನ್ಸಮ್' ವೆಬ್‌ಸೈಟ್ ನೋಡಿ. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಬೀಗಗಳಿಗೆ ಅಲ್ಲಿ ಉಚಿತವಾಗಿ ಕೀಲಿ ಸಿಗುತ್ತದೆ, ಎಲ್ಲದಕ್ಕೂ ಅಲ್ಲ.

ಮತ್ತೊಬ್ಬರು: ಸರ್, ಹೊಸ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ ಅಂತ ಬರುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್‌ನಿಂದ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಯಾರೂ ಓದಲಾಗದ ಹಾಗೆ ಇರುತ್ತದೆ. ಕದ್ದವರಿಗೆ ಡೇಟಾ ಸಿಗಬಾರದು ಎಂದು. ಆದರೆ ಮದರ್‌ಬೋರ್ಡ್ ಸುಟ್ಟರೆ, 48 ಅಂಕಿಯ ರಿಕವರಿ ಕೀ ಇಲ್ಲದೆ ನಾನೂ ಓದಲಾರೆ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಆ ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದು ಮನೆ ಪತ್ರಗಳ ಜೊತೆ ಇಡಿ.

ಮೇಷ್ಟ್ರು: ವಿವರವಾಗಿ ಹೇಳಿದಿರಿ, ಧನ್ಯವಾದ. ಡಿಸ್ಕ್ ಬಂದ ಮೇಲೆ ಎಷ್ಟು ದಿನಕ್ಕೊಮ್ಮೆ ಕಾಪಿ ಮಾಡಬೇಕು?

ಉತ್ತರ: ಕರೆಂಟ್ ಬಿಲ್ ಬಂದ ದಿನ ಎಂದು ಗೊತ್ತು ಮಾಡಿಕೊಳ್ಳಿ, ಮರೆಯುವುದಿಲ್ಲ. ನಮ್ಮ ಕೆಲಸದವರು 3-2-1 ಎನ್ನುತ್ತೇವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಿಂದ ಹೊರಗೆ. ನಿಮಗೆ ಇದು ಸುಲಭ. ಒಂದು ಕಂಪ್ಯೂಟರ್‌ನಲ್ಲಿ, ಒಂದು ನಿಮ್ಮ ಬೀರುವಿನ ಡಿಸ್ಕ್‌ನಲ್ಲಿ, ಒಂದು ಪೆನ್ ಡ್ರೈವ್‌ನಲ್ಲಿ ಮಗಳ ಮನೆಗೆ. ಹಾಡು, ಬರಹವನ್ನು ಗೂಗಲ್ ಡ್ರೈವ್‌ಗೂ ಹಾಕಿ, 15 ಜಿಬಿ ಉಚಿತ. ಎರಡು ವರ್ಷ ಮುಟ್ಟದೆ ಬಿಟ್ಟ ಅಕೌಂಟನ್ನು ಗೂಗಲ್ ಅಳಿಸಬಹುದು, ಆಗಾಗ ತೆರೆಯುತ್ತಿರಿ.

ನಿಮ್ಮ ನುಡಿ ಬರಹದ ಬಗ್ಗೆ ಸುಮ್ನೆ ಇರಲಾರೆ. ಹಳೆಯ ನುಡಿ, 'ಬರಹ' ಸಾಫ್ಟ್‌ವೇರ್‌ಗಳ ಫೈಲ್‌ಗಳು ಎಲ್ಲಾ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಉಳಿದರೂ ಕನ್ನಡ ಉಳಿಯುವುದಿಲ್ಲ. ಫಾಂಟ್‌ಗಳನ್ನೂ ಜೊತೆಗೆ ಕಾಪಿ ಮಾಡಿ. ಒಂದು ಪಿಡಿಎಫ್ ಪ್ರತಿ ಮಾಡಿ. ನಿಧಾನವಾಗಿ ಯೂನಿಕೋಡ್‌ಗೂ ಬದಲಾಯಿಸಿ, ಅರ್ಕಾವತ್ತು, ಒತ್ತಕ್ಷರ ಸರಿ ಬಂದಿವೆಯಾ ಓದಿ ನೋಡಿ. ಕಾಪಿ ಮಾಡಿದ್ದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡುವ ತನಕ ಬ್ಯಾಕಪ್ ಆಯಿತು ಎಂದು ನಂಬಬೇಡಿ.

ಮೇಷ್ಟ್ರು (ಅದೇ ರಾತ್ರಿ): ಹಾಡು ಕಾಪಿ ಮಾಡಲು ಕೂತೆ. 41ರಲ್ಲಿ 38 ಬಂದವು. ಉಳಿದ ಮೂರಕ್ಕೆ ಬಂದಾಗ ಅರ್ಧಕ್ಕೆ ನಿಂತು ಎರರ್ ಬರುತ್ತಿದೆ. ಕಂಪ್ಯೂಟರ್ ಕೂಡ ಅಲ್ಲಾಡದೆ ನಿಲ್ಲುತ್ತಿದೆ. ನಾಲ್ಕು ಸಲ ನೋಡಿದೆ.

ಉತ್ತರ: ಮೇಷ್ಟ್ರೇ, ಐದನೇ ಸಲ ಪ್ರಯತ್ನಿಸಬೇಡಿ. ಡಿಸ್ಕ್‌ನಲ್ಲಿ ಆ ಜಾಗ ಕೆಡಲು ಶುರುವಾಗಿರಬಹುದು. ಟಕ್ ಟಕ್ ಸದ್ದು ಇಲ್ಲದಿದ್ದರೆ ಬರಹದ ಫೋಲ್ಡರ್ ಮಾತ್ರ ಕಾಪಿ ಮಾಡಿ. ಸದ್ದಿದ್ದರೆ ಅದೂ ಬೇಡ. ಆಮೇಲೆ ಶಟ್‌ಡೌನ್ ಮಾಡಿ, ಮತ್ತೆ ಆನ್ ಮಾಡಬೇಡಿ. ಸ್ಕ್ಯಾನ್, ರಿಪೇರಿ ಎಂದು ಯಾವ ಸಾಫ್ಟ್‌ವೇರೂ ಹಾಕಬೇಡಿ. ಈ ಹಂತದಲ್ಲಿ ಬಂದ ಡಿಸ್ಕ್‌ಗಳಿಂದ ನಾನು ಎಷ್ಟೋ ಸಲ ಫೈಲ್ ತೆಗೆದಿದ್ದೇನೆ. ನಾಳೆ ಬೆಳಿಗ್ಗೆ ಊರಿನಲ್ಲಿ ಯಾರಿಂದಲಾದರೂ ಕಂಪ್ಯೂಟರ್‌ನಿಂದ ಡಿಸ್ಕ್ ಹೊರಗೆ ತೆಗೆಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ ತನ್ನಿ. ಬಸ್ಸಿನಲ್ಲಿ ಲಗೇಜ್ ಜೊತೆ ಇಡಬೇಡಿ, ತೊಡೆಯ ಮೇಲೇ ಇಟ್ಟುಕೊಳ್ಳಿ. ನಾನು ಒಂಬತ್ತಕ್ಕೆ ಅಂಗಡಿ ತೆಗೆದಿರುತ್ತೇನೆ.