ಸಹಾಯ ಬೇಕು: ಥೀಮ್ ಬದಲಿಸಲು ಹೋಗಿ ಫೈಲ್ಸ್ ಆಪ್, ಕನ್ನಡ ಫಾಂಟ್ ಎರಡೂ ಕೆಟ್ಟಿವೆ

ನಮಸ್ಕಾರ. ನನ್ನದು ಲಿನಕ್ಸ್: ಡೆಬಿಯನ್ 12, ಡೆಸ್ಕ್‌ಟಾಪ್ ಗ್ನೋಮ್ 43, ಸ್ಕ್ರೀನ್ ಮೇಲೆ ವಿಂಡೋ ತೋರಿಸುವ ವ್ಯವಸ್ಥೆ ವೇಲ್ಯಾಂಡ್. ಸುಮ್ನೆ ಚೆನ್ನಾಗಿದ್ದ ಸಿಸ್ಟಮ್ಮಿಗೆ ಕೈ ಹಾಕಿದ್ದು ನನ್ನದೇ ತಪ್ಪು, ಬೈಯುವುದಿದ್ದರೆ ಆಮೇಲೆ ಬೈಯಿರಿ.

ಶನಿವಾರ ಒಂದು ಕಪ್ಪು ಥೀಮ್ ಇಳಿಸಿಕೊಂಡೆ. ಟ್ವೀಕ್ಸ್‌ನಲ್ಲಿ (ಗ್ನೋಮ್‌ನ ನೋಟ ಬದಲಿಸುವ ಆಪ್) ಆರಿಸಿದರೆ ಹಳೆಯ ಆಪ್‌ಗಳಷ್ಟೇ ಬದಲಾದವು, ಫೈಲ್ಸ್, ಸೆಟ್ಟಿಂಗ್ಸ್ ಥರದ, ಲಿಬ್‌ಅದ್ವೈತ ಎಂಬ ಗ್ನೋಮ್ ಲೈಬ್ರರಿ ಬಳಸುವ ಹೊಸ ಆಪ್‌ಗಳು ಜಗ್ಗಲಿಲ್ಲ. ಹೆಸರು ಅದ್ವೈತ, ನನ್ನ ಸ್ಕ್ರೀನಿನಲ್ಲಿ ಮಾತ್ರ ಪಕ್ಕಾ ದ್ವೈತ! ಅದಕ್ಕೆ ಥೀಮಿನ ಜಿಟಿಕೆ-4.0 ಫೋಲ್ಡರನ್ನು (ಜಿಟಿಕೆ ಅಂದರೆ ಈ ಆಪ್‌ಗಳ ಬಟನ್, ವಿಂಡೋ ಬಿಡಿಸುವ ಟೂಲ್‌ಕಿಟ್) ಹೋಮ್‌ನ ಡಾಟ್ ಕಾನ್ಫಿಗ್ ಎಂಬ ಸೆಟ್ಟಿಂಗ್ ಫೋಲ್ಡರಿನ ಒಳಗೆ ಕಾಪಿ ಮಾಡಿದೆ. ಈಗ ಫೈಲ್ಸ್‌ನಲ್ಲಿ ಬಿಳಿಯ ಮೇಲೆ ಬಿಳಿ ಅಕ್ಷರ, ಫೈಲ್ ಹೆಸರೇ ಕಾಣುತ್ತಿಲ್ಲ.

ಗಾಬರಿಯಲ್ಲಿ ಡಿಕಾನ್ಫ್ (ಗ್ನೋಮ್ ಸೆಟ್ಟಿಂಗ್‌ಗಳ ಉಗ್ರಾಣ) ರೀಸೆಟ್ ಕೊಟ್ಟೆ. ಮೇಲಿನ ಪ್ಯಾನೆಲ್ ಸರಿಹೋಯಿತು, ಜೊತೆಗೆ ಕನ್ನಡ ಟೈಪಿಸುವ ಕಗಪ ಕೀಬೋರ್ಡ್ ವಿನ್ಯಾಸವೂ ಹೋಯಿತು, ಅದನ್ನು ಮತ್ತೆ ಸೇರಿಸಿಕೊಂಡಿದ್ದೇನೆ, ಆದರೆ ಫೈಲ್ಸ್ ಹಾಗೇ ಇದೆ. ಡಿಕಾನ್ಫ್ ನಾನು ಕಾಪಿ ಮಾಡಿದ ಜಿಟಿಕೆ-4.0 ಫೋಲ್ಡರನ್ನು ಮುಟ್ಟುವುದಿಲ್ಲ ಅಲ್ವಾ? ನಾನೇ ಅಳಿಸಿದರೆ ತೊಂದರೆ ಇಲ್ಲ ತಾನೇ? ಬುಕ್‌ಮಾರ್ಕ್‌ಗಳು ಜಿಟಿಕೆ-3.0 ಫೋಲ್ಡರಿನಲ್ಲಿವೆ, ನೋಡಿದೆ.

ಇನ್ನೊಂದು ಜಾಸ್ತಿ ತಲೆನೋವು. ಎಲ್ಲಿಂದಲೋ ಕಾಪಿ ಮಾಡಿದ ಫಾಂಟ್ಸ್ ಡಾಟ್ ಕಾನ್ಫ್ (ಯಾವ ಫಾಂಟ್ ಬಳಸಬೇಕೆಂದು ಹೇಳುವ ಫೈಲ್) ಹಾಕಿದ ಮೇಲೆ ಕನ್ನಡ ಲೋಹಿತ್ ಫಾಂಟ್‌ನಲ್ಲಿ ಬರುತ್ತಿದೆ. ಯಾವ ಫಾಂಟ್ ಆಯ್ಕೆಯಾಗುತ್ತದೆ ಎಂದು ತೋರಿಸುವ ಎಫ್‌ಸಿ-ಮ್ಯಾಚ್ ಕಮಾಂಡ್ ಕೂಡ ಅದನ್ನೇ ಹೇಳುತ್ತದೆ. ಮೊದಲು ನೋಟೊ ಸಾನ್ಸ್ ಕನ್ನಡ ಇತ್ತು, ಅದರಲ್ಲಿ ಒತ್ತಕ್ಷರ ಸಲೀಸಾಗಿ ಓದಬಹುದಿತ್ತು. ಇಂಗ್ಲಿಷ್ ಫಾಂಟ್ ಮುಟ್ಟದೆ ಕನ್ನಡಕ್ಕೆ ಮಾತ್ರ ನೋಟೊ ಬರುವ ಹಾಗೆ ಏನು ಬರೆಯಬೇಕು? ಪೂರ್ತಿ ಸಾಲುಗಳನ್ನೇ ಕೊಟ್ಟರೆ ಪುಣ್ಯ ಬರುತ್ತದೆ. ಮತ್ತೆ ಇನ್‌ಸ್ಟಾಲ್ ಮಾಡು ಅಂತ ಮಾತ್ರ ಹೇಳಬೇಡಿ.